ಗುಡಿ ಬಾಗಿಲಲ್ಲಿ ಬಿಟ್ಟ ಶೂ

ಕುಡಿದಿರಲಿಲ್ಲ, ಜ್ವರವೂ ಇರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋದ ಜನವರಿಯಲ್ಲಿ ಶಿವಮೊಗ್ಗದ ನನ್ನ ಭಾವಮೈದುನ ಮಲ್ಲಿಕ್ ಟೈಲ್ಸ್ ಖರೀದಿಗೆ ಚೀನಾಕ್ಕೆ ಹೊರಟಾಗ ನನ್ನನ್ನೂ ಕರೆದೊಯ್ದ. ಕೆಲಸ ಮುಗಿಸಿ, ತಾವೋ ಪಂಥದವರ ಪವಿತ್ರ ಬೆಟ್ಟವೊಂದನ್ನು ಹತ್ತಿದೆವು. ತುದಿಯಲ್ಲಿ ಪುಟ್ಟ ಗುಡಿ, ಸುತ್ತ ಹಿಮ. ನಾನು ಶೂ ಬಿಚ್ಚತೊಡಗಿದರೆ ಅಲ್ಲಿನ ಪೂಜಾರಿ ಗಾಬರಿಯಿಂದ ಬೇಡವೆಂದು ಕೈಯಾಡಿಸಿದ. ಶೂ ಹಾಕಿಕೊಂಡು ದೇವರೆದುರು ನಿಲ್ಲುವುದನ್ನು ಭದ್ರಾವತಿಯಲ್ಲಿ ನನಗೆ ಯಾರೂ ಕಲಿಸಿಲ್ಲ. ಬಾಗಿಲಲ್ಲೇ ಬಿಟ್ಟು ಒಳಗೆ ಹೋದೆ.

ಕೈಮುಗಿದು ಬಂದು ಕಾಲಿಟ್ಟರೆ ಶೂ ಒಳಗೆ ಬೆಚ್ಚಗಿತ್ತು, ಯಾರೋ ಆಗಷ್ಟೇ ಬಿಚ್ಚಿಟ್ಟಂತೆ. ಕಾಲು ಹಿಂದಕ್ಕೆಳೆದುಕೊಂಡೆ.

"ಲೇ ಮಲ್ಲಿಕ್, ನನ್ನ ಶೂ ಹಾಕ್ಕೊಂಡು ತಿರುಗಿದ್ದು ನೀನೇನೋ?"

"ನಿಮ್ಮ ಪಕ್ಕದಲ್ಲೇ ನಿಂತಿದ್ನಲ್ಲ ಭಾವ! ನಿಮ್ಮ ಶೂ ಯಾರಿಗೆ ಬೇಕು ಮಾರಾಯ್ರೆ?"

ಅಷ್ಟು ಹೇಳಿದವನು ನನ್ನ ಹಿಂದಕ್ಕೆ ಬೆರಳು ತೋರಿಸಿದ. ನಾವು ಕಾಲೇ ಇಡದ ಕಡೆ, ಬಾಗಿಲಿಂದ ಪ್ರಪಾತದ ಅಂಚಿನವರೆಗೆ, ಹಿಮದ ಮೇಲೆ ನನ್ನ ಶೂ ಗುರುತು ಹೋಗಿತ್ತು. ತಿರುಗಿ ಬಂದ ಗುರುತು ಒಂದೂ ಇರಲಿಲ್ಲ.

"ಇದನ್ನ ಇಲ್ಲೇ ಬಿಟ್ಟು ಬರ್ತೀನಿ ಕಣೋ."

"ಬರಿಗಾಲಲ್ಲಿ ಇಳಿದ್ರೆ ಒಂದು ಬೆರಳೂ ಉಳಿಯಲ್ಲ ಭಾವ. ಹಾಕ್ಕೊಳ್ಳಿ, ನಾನು ಕೈ ಹಿಡ್ಕೋತೀನಿ."

ಹಾಕಿಕೊಂಡೆ. ಇಳಿಯುವಾಗ ಮೂಗು, ಕಿವಿ, ಅವನು ಹಿಡಿದಿದ್ದ ಕೈ ಎಲ್ಲವೂ ಮರಗಟ್ಟಿದವು. ಶೂ ಒಳಗಿನ ಬಿಸಿ ಮಾತ್ರ ನಾವು ಕೆಳಗೆ ಮುಟ್ಟುವವರೆಗೂ ಆರಲಿಲ್ಲ.