ಒತ್ತುವ ಮೊದಲೇ ಹತ್ತಿದ ಬಲ್ಬು

ಭಾವ ದುಡಿಯುವ, ತಗಡಿಗೆ ಅಚ್ಚು ಒತ್ತುವ ಪ್ರೆಸ್ಸಿನಲ್ಲಿ ಗುಂಡಿ ಒತ್ತಿದ ಮೇಲೆ, ಕೈ ತೆಗೆಯುವಷ್ಟು ಹೊತ್ತು ತಡೆದು ಅಚ್ಚು ಇಳಿಸುವುದು ಟೈಮರ್ ಬೋರ್ಡಿನ ಕೆಲಸ. ಅದು ಕೆಟ್ಟಿತೆಂದು ನನ್ನ ರಿಪೇರಿ ಅಂಗಡಿಗೆ ತಂದಿದ್ದರು. ಅಚ್ಚಿನ ಬದಲು ಬಲ್ಬು ಜೋಡಿಸಿ ನೋಡಿದೆ. ನಾನು ಒತ್ತುವ ಮೊದಲೇ ಹತ್ತಿತು. ಒತ್ತುವವನಂತೆ ನಟಿಸಿ ಬೆರಳು ಹಿಂದಕ್ಕೆಳೆದರೆ ಹತ್ತುತ್ತಿರಲಿಲ್ಲ. ಹತ್ತಿದಾಗ ಅಂಗೈಯಲ್ಲಿ ಹಿಡಿದು ನೋಡಿದರೂ ಬಲ್ಬು ತಣ್ಣಗಿತ್ತು.

"ಏನೋ, ಮೊಟ್ಟೆಗೆ ಕಾವು ಕೊಡ್ತಾ ಕೂತಿದ್ದೀಯಾ?" ಅಂದರು ಭಾವ.

"ಇದು ಬೇಡ ಭಾವ, ಕೈ ಹೋಗುತ್ತೆ."

ಅವರು ಹೊಸ ಬೋರ್ಡು ಹಾಕಿಸಿಕೊಂಡರು. ಹಳೆಯದರ ತಂತಿಗಳನ್ನೆಲ್ಲ ಕಿತ್ತು, ಬಲ್ಬಿನ ಸಮೇತ ಕಪಾಟಿನಲ್ಲಿಟ್ಟೆ.

ಇವತ್ತು ಬೆಳಗ್ಗೆ ಕಪಾಟಿನೊಳಗೆ ಬೆಳಕು ಕಂಡಿತು. ತಂತಿಯಿಲ್ಲದೆಯೇ ಬಲ್ಬು ಹತ್ತಿತ್ತು; ನಾನಂತೂ ಯಾವ ಗುಂಡಿಯನ್ನೂ ಒತ್ತಲು ಹೊರಟಿರಲಿಲ್ಲ. ತಕ್ಷಣ ಫೋನು ಮಾಡಿದೆ.

"ಭಾವ, ಗುಂಡಿ ಮುಟ್ಟಬೇಡಿ."

"ಎಲ್ಲಿಯ ಗುಂಡಿನೋ? ನಾನಿನ್ನೂ ದಾರಿಯಲ್ಲಿದ್ದೀನಿ."

ಆಮೇಲೆ ಅವರು ಫೋನು ಎತ್ತಿಲ್ಲ. ಬಲ್ಬು ಇನ್ನೂ ಉರಿಯುತ್ತಿದೆ.