ಹಿಡಿದು ಹಾಕಿಸಿದ ಸಹಿ

"ಅಮ್ಮ ತಾನಾಗೇ ಬರೆದ್ರೆ ಬರೀಲಿ ಸಾರ್. ಕೈ ಹಿಡಿದು ಮಾತ್ರ ಬರೆಸಬೇಡಿ. ಈ ಮನೇಲಿ ಅದು ಆಗಿಬರಲ್ಲ."

ಮಗಳು ಬಾಗಿಲಿಗೆ ಅಡ್ಡ ನಿಂತೇ ಹೇಳಿದಳು. ಊರಿಗೆ ಹೊಸದಾಗಿ ಬಂದಿದ್ದ ಲಾಯರು ಬೂಟು ಬಿಚ್ಚುತ್ತಾ ನಕ್ಕ. "ಯಾಕೆ, ಕಚ್ಚುತ್ತಾ?"

"ನಮ್ಮಪ್ಪ ಸಾಯೋ ಹೊತ್ತಲ್ಲಿ ಚಿಕ್ಕಪ್ಪ ಹಾಗೇ ಸಹಿ ಹಾಕಿಸ್ಕೊಂಡ್ರು. ಅಜ್ಜಿಗೆ ಹೊಟ್ಟೆ ಉರೀತು. ಮಾಟದವನನ್ನ ಕರೆಸಿ ಹೊಸಿಲ ಕೆಳಗೆ ಏನೋ ಹೂಳಿಸಿದ್ಳು. ಆಮೇಲೆ ಚಿಕ್ಕಪ್ಪ ಮನುಷ್ಯನಾಗಿ ಉಳೀಲಿಲ್ಲ."

"ಮಾಟಕ್ಕೆ ಯಾವ ಕಾಯ್ದೇಲೂ ಕಲಂ ಇಲ್ಲಮ್ಮ," ಎಂದು ಅವನು ಹೊಸಿಲು ದಾಟಿದ.

ಅವನನ್ನು ಕರೆಸಿದ್ದವನು ಆ ಮನೆಯ ಹಿರಿಮಗ. ತಾಯಿ ಹೊಲಿಗೆ ಅಂಗಡಿ ನಡೆಸಿ, ಕಣ್ಣು ಸವೆಸಿ ಕಟ್ಟಿಸಿದ ಮನೆ ಅದು. ಎರಡು ವರ್ಷದಿಂದ ಆಕೆಗೆ ಮರೆವು. ಪಕ್ಕದಲ್ಲೇ ಕೂತು ತುತ್ತಿಡುವ ಮಗಳನ್ನೇ "ಯಾರವ್ವಾ ನೀನು?" ಎನ್ನುತ್ತಿದ್ದಳು. ಅಮ್ಮನನ್ನು ನೋಡಿಕೊಳ್ಳಲು ಅನುಕೂಲವೆಂದು ಹಿರಿಮಗ ಒಂದು ಅಧಿಕಾರ ಪತ್ರ ಬರೆಸಿದ್ದ. ಅದರ ಬಲದಿಂದ ಮನೆ, ಅಂಗಡಿ ಎರಡನ್ನೂ ಅವನು ಮಾರಬಹುದಿತ್ತು. ತಾಯಿ ಆಮೇಲೆ ಎಲ್ಲಿರಬೇಕೆಂಬ ಮಾತೇ ಅದರಲ್ಲಿರಲಿಲ್ಲ. ಬರೆದುಕೊಟ್ಟ ಈ ಲಾಯರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಒಳಕೋಣೆಯಲ್ಲಿ ಹಗಲಲ್ಲೂ ಪರದೆ ಎಳೆದಿತ್ತು. ಬೆಳಕು ಬಿದ್ದರೆ ಮುದುಕಿಯ ಕಣ್ಣು ಉರಿಯುತ್ತಿತ್ತಂತೆ. ನೋವಿನ ಮುಲಾಮು, ಹಳೆ ಬಟ್ಟೆ, ಹೊಲಿಗೆ ಯಂತ್ರದ ಎಣ್ಣೆ, ಎಲ್ಲ ಬೆರೆತ ಮುಗ್ಗಲು ವಾಸನೆ. ಮಂಚದ ಮೇಲೆ ಆಕೆ ಇಲ್ಲದ ದಾರವನ್ನು ಇಲ್ಲದ ಸೂಜಿಗೆ ಪೋಣಿಸುತ್ತಾ ಕೂತಿದ್ದಳು.

"ಇಲ್ಲೊಂದು ಸಹಿ ಹಾಕಿ ಅಜ್ಜಿ," ಎಂದು ಲಾಯರು ಪೆನ್ನು ಕೊಟ್ಟ. ಅದು ಬೆರಳಿನಿಂದ ಜಾರಿತು. ಇನ್ನೊಮ್ಮೆ ಕೊಟ್ಟ. ಮತ್ತೆ ಜಾರಿತು. ಹಿರಿಮಗ ಬಾಗಿಲ ಬಳಿ ಚಡಪಡಿಸಿದ. "ಹಿಡಿದು ಹಾಕಿಸಿಬಿಡಿ ಸಾರ್."

ಲಾಯರು ಆಕೆಯ ಕೈಯನ್ನು ಮುಷ್ಟಿಯೊಳಗೆ ತೆಗೆದುಕೊಂಡ. ಒಣಗಿದ ಎಲೆಯಂಥ ಕೈ. ಮೊದಲ ಅಕ್ಷರ ಮೂಡಿತು.

ಹೊಸಿಲ ಕಡೆಯಿಂದ ಹಸಿಮಣ್ಣಿನ ವಾಸನೆ ಬಂತು. ಅದರ ಹಿಂದೆಯೇ ಸುಟ್ಟ ಕೂದಲಿನದು. ನೆಲದಡಿ ಯಾರೋ ಉಗುರಿನಿಂದ ಕೆರೆದಂತೆ ಸದ್ದು. ಕೋಣೆ ಕತ್ತಲಾಯಿತು. ಅವನು ಕೈ ಹಿಂದೆಗೆದುಕೊಳ್ಳಲು ನೋಡಿದ. ಬರಲಿಲ್ಲ. ಬೆರಳಿಗೆ ಬೆರಳು ಬೆಸೆದುಹೋಗಿತ್ತು. ಮಣಿಕಟ್ಟಿನಿಂದ ತಣ್ಣನೆಯದೇನೋ ಮೇಲೇರಿತು. ಮೊಣಕೈ. ತೋಳು. ಕತ್ತು.

ಮುದುಕಿ ತಲೆಯೆತ್ತಿದಳು. ಕಣ್ಣಲ್ಲಿ ಬೆಳಕಿತ್ತು.

"ನೀನು ಮೆಟ್ಟಿಲಿಂದ ಬಿದ್ದಾಗ ನಿಮ್ಮಮ್ಮ ಬರಿಗಾಲಲ್ಲಿ ಎತ್ಕೊಂಡು ಓಡಿದ್ಳಲ್ಲ ಮಗಾ," ಎಂದಳು. ದನಿ ಸ್ಪಷ್ಟವಾಗಿತ್ತು. "ಆಸ್ಪತ್ರೆ ತನಕ ಹಾಡ್ತಾನೇ ಇದ್ಳು."

ಹೌದು, ಓಡಿದ್ದಳು. ಯಾರು? ಯಾರು ಓಡಿದ್ದು? ಲಾಯರು ನೆನಪಿನಲ್ಲಿ ಹುಡುಕಿದ. ಹಾಡಿತ್ತು. ಹಾಡಿಲ್ಲ. ಹಸಿರು ಸೀರೆಯಿತ್ತು. ಸೀರೆಯಿಲ್ಲ. ಒಂದು ಮುಖವಿತ್ತು. ಅದೂ ಮಸುಕಾಗುತ್ತಿತ್ತು. ಅವನು ಚೀರಿದ. ಹಿರಿಮಗ ಬಿದ್ದಂಬೀಳ ಹೊರಗೋಡಿದ.

ಮಗಳು ನುಗ್ಗಿ ಬಂದು ಇಬ್ಬರ ಕೈಗೂ ಕೈ ಹಾಕಿದಳು. ಆಗ ತಾಯಿ ಅವಳತ್ತ ತಿರುಗಿದಳು.

"ಪುಟ್ಟೀ! ಎಷ್ಟು ಸೊರಗಿದ್ದೀಯೇ. ತಲೆಯಾದ್ರೂ ಬಾಚ್ಕೋಬಾರದಾ?"

ಮಗಳ ಕೈ ನಿಂತುಹೋಯಿತು. ಎರಡು ವರ್ಷ ಆ ಹೆಸರಿಗಾಗಿ ಕಿವಿ ತೆರೆದು ಕಾದಿದ್ದಳು. ಇನ್ನೊಂದು ಗಳಿಗೆ. ಇನ್ನೊಂದೇ ಗಳಿಗೆ. ಲಾಯರು ಮಂಡಿಯೂರಿ ಏದುಸಿರು ಬಿಡುತ್ತಿದ್ದ. ಅವಳು ಅವನನ್ನು ನೋಡಲಿಲ್ಲ.

ತಾಯಿಗೆ ಅರ್ಥವಾಯಿತು. ಬಿಡುವಿದ್ದ ಕೈಯಿಂದ ಮಗಳ ಕೆನ್ನೆ ಸವರಿದಳು. "ಈ ನೆನಪು ನನ್ನದಲ್ಲ ಕಣೇ. ಇನ್ಯಾರೋ ತಾಯಿದು. ಬಿಡಿಸು ಪುಟ್ಟಿ."

"ಬೇಡಮ್ಮಾ..."

"ಬಿಡಿಸು."

ಮಗಳು ಬಿಕ್ಕುತ್ತಾ ಒಂದೊಂದೇ ಬೆರಳು ಎಬ್ಬಿಸಿದಳು. ಕೊನೆಯದು ಬಿಟ್ಟುಬಂದಾಗ ಸದ್ದು ಅಡಗಿತು. ಮುದುಕಿ ಮೆಲ್ಲಗೆ ಅವಳ ಮುಖ ನೋಡಿ ಕೇಳಿದಳು: "ಯಾರವ್ವಾ ನೀನು? ಯಾಕೆ ಅಳ್ತಿದ್ದೀಯಾ?"

ಲಾಯರು ಪತ್ರವನ್ನು ಅಲ್ಲೇ ಹರಿದುಹಾಕಿದ. ಹಿರಿಮಗನ ಕೆಲಸ ಬಿಟ್ಟ. ಮುಂದೆ ಮಗಳ ಪರವಾಗಿ ತಾನೇ ಕೋರ್ಟಿನಲ್ಲಿ ನಿಂತ. ವೈದ್ಯರು ಸಾಕ್ಷಿ ಹೇಳಿದರು. ನ್ಯಾಯಾಧೀಶರು ಮಗಳನ್ನೇ ತಾಯಿಗೆ ಪೋಷಕಿಯಾಗಿ ನೇಮಿಸಿ, ಆಕೆ ಬದುಕಿರುವ ತನಕ ಆ ಮನೆಯನ್ನು ಯಾರೂ ಮಾರಕೂಡದೆಂದು ಆಜ್ಞೆ ಮಾಡಿದರು. ಮಗಳು ಕೈ ಮುಗಿದಳು. ಲಾಯರ ಕಣ್ಣಲ್ಲಿ ಕಣ್ಣಿಟ್ಟು ನೋಡಲು ಮಾತ್ರ ಅವಳಿಗಾಗಲಿಲ್ಲ.

ಹೋದದ್ದು ಅವನಿಗೆ ಮರಳಲಿಲ್ಲ. ಉಳಿದೆಲ್ಲ ನೆನಪಿತ್ತು: ಕಾಯ್ದೆ, ಗೆಳೆಯರು, ಬೀದಿಗಳು. ತನ್ನ ಮನೆಯಲ್ಲಿ ಬಾಗಿಲು ತೆಗೆಯುವ ಹೆಂಗಸೊಬ್ಬಳನ್ನು ಬಿಟ್ಟು. ತಾಯಿಯೆಂದು ನೆರೆಯವರು ಹೇಳಿದರು, ಫೋಟೋಗಳು ಹೇಳಿದವು. ಸಾಕ್ಷ್ಯವನ್ನು ಒಪ್ಪುವಂತೆ ಅವನು ಒಪ್ಪಿಕೊಂಡ. ಆಕೆಗೆ ಯಾವ ಕೊರತೆಯೂ ಆಗದಂತೆ ನೋಡಿಕೊಂಡ.

ಒಂದು ಸಂಜೆ ತಟ್ಟೆಯ ಮುಂದೆ ಕೂತು ಕೇಳಿದ: "ನಿಮ್ಮದು ಊಟ ಆಯ್ತಾ?"

ಆಕೆ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. "ನೀನು ಅನ್ನೋ. ಒಂದೇ ಒಂದ್ಸಲ ನೀನು ಅಂತ ಕರಿ ಮಗಾ."

ಅವನು ಬಾಯಿ ತೆರೆದ. ಆಕೆ ಕಾದಳು. ಎದುರಿಗಿದ್ದವಳು ವಯಸ್ಸಾದವಳು, ಪರಿಚಯವಿಲ್ಲದವಳು, ಒಳ್ಳೆಯವಳು. ಅಂಥವರನ್ನು ಏಕವಚನದಲ್ಲಿ ಕರೆಯಲು ಅವನ ನಾಲಿಗೆ ಹೊರಳಲಿಲ್ಲ.

"ಕ್ಷಮಿಸಿ," ಎಂದ. "ನೀವೂ ಕೂತ್ಕೊಳ್ಳಿ."