ಕೆಂಪು ಗೀಟಿನ ಮೀಟರ್

ನನ್ನ ಗಂಡ ಮನೋಹರನ ತಿಥಿ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಗ್ಗೆ, ಚಟ್ನಿ ರುಬ್ಬಲು ಮಿಕ್ಸಿಯ ಮುಂದೆ ನಿಂತೆ. ಗೋಡೆಯ ಮೇಲಿದ್ದ ವೋಲ್ಟ್ ಮೀಟರಿನ ಮುಳ್ಳು ಇಳಿಯತೊಡಗಿತು. ನಾನಿನ್ನೂ ಸ್ವಿಚ್ ಒತ್ತಿರಲಿಲ್ಲ.

ಮನೋಹರ ಸೋಲೂರಿನ ಕಡೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದ. ಬೆಳಗ್ಗೆ ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾಗುವ ಹೊತ್ತಿಗೆ ಮನೆಯಲ್ಲೂ ಮೀಟರಿನ ಪಕ್ಕ ಗೋಡೆಗೊರಗಿ ನಿಲ್ಲುತ್ತಿದ್ದ. ಮೀಟರಿನ ಗಾಜಿನ ಮೇಲೆ, ನೂರ ಎಂಬತ್ತು ವೋಲ್ಟಿಗೆ ಸರಿಯಾಗಿ, ನನ್ನ ನೇಲ್ ಪಾಲಿಶಿನಿಂದ ಕೆಂಪು ಗೀಟು ಎಳೆದಿದ್ದ.

"ತಡ್ಕೊ ಭಾನು, ಮುಳ್ಳು ಇಳೀತಾ ಐತೆ. ಎಲ್ಲೋ ಯಾರೋ ಎಳೀತಾವ್ರೆ. ಗೀಟು ದಾಟಿದ್ರೆ ಲೈನು ತಡೆಯಕಿಲ್ಲ," ಅನ್ನುತ್ತಿದ್ದ.

ಮೇನ್ ಸ್ವಿಚ್ ಆರಿಸಿದೆ. ಮುಳ್ಳು ಸೊನ್ನೆಗೆ ಬೀಳಬೇಕಿತ್ತು. ಅದು ಗೀಟಿನ ಮೇಲೇ ನಿಂತು ನಡುಗುತ್ತಿತ್ತು. ಅವನು ಒರಗುತ್ತಿದ್ದ ಜಾಗದಲ್ಲಿ ಗೋಡೆ ಬೆಚ್ಚಗಿತ್ತು.

"ಪಕ್ಕದ್ಮನೇಲಿ ಕರೆಂಟ್ ಚೆನ್ನಾಗೇ ಐತಂತೆ ಕಣವ್ವ," ಎಂದರು ಅತ್ತೆ.

ಪ್ರತಿ ಬೆಳಗ್ಗೆಯೂ ಹಾಗೇ ಆಯಿತು. ನಾನು ಆ ಹೊತ್ತಿಗಾಗಿ ಕಾಯತೊಡಗಿದೆ.

ಒಂದು ದಿನ ರಾಮನಗರದಿಂದ ಮನೋಹರನ ಗೆಳೆಯ ಆಫ್ತಾಬ್ ಫೋನ್ ಮಾಡಿದ. ಅವನದು ರೇಷ್ಮೆ ನೂಲು ತೆಗೆಯುವ ಕೆಲಸ. ಮೀಟರ್ ಅವನದೇ, ಮನೋಹರ ಎರವಲು ತಂದಿದ್ದ.

"ತಪ್ಪು ತಿಳ್ಕೋಬೇಡಿ ಅಕ್ಕಾ, ಆ ಮೀಟ್ರು ವಾಪಸ್ ಬೇಕಿತ್ತು. ವೋಲ್ಟೇಜ್ ನೋಡ್ದೆ ಓಡ್ಸಿ ಒಂದು ಮೋಟ್ರು ಸುಟ್ಟೋಯ್ತು."

ಮೀಟರ್ ಕೆಟ್ಟುಹೋಗಿದೆ ಎಂದಿದ್ದರೆ ಅದು ನನ್ನಲ್ಲೇ ಉಳಿಯುತ್ತಿತ್ತು. ಹಾಗೆನ್ನಲು ಬಾಯಿ ಬರಲಿಲ್ಲ.

ವೈರು ಬಿಚ್ಚಿ, ಮೀಟರನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ದಾರಿಯುದ್ದಕ್ಕೂ ಮುಳ್ಳು ಗೀಟಿನ ಮೇಲೇ ಇತ್ತು. ಆಫ್ತಾಬನ ಕೈಗೆ ಕೊಟ್ಟಾಗ ಮೆಲ್ಲಗೆ ಸೊನ್ನೆಗೆ ಇಳಿಯಿತು.

"ಏನಕ್ಕಾ, ಇಷ್ಟು ಬಿಸಿ ಐತೆ? ಈಗ್ತಾನೆ ಬಿಚ್ಚಿದ್ರಾ?"

ಹೌದು ಎಂದೆ. ಬಿಚ್ಚಿದ್ದು ಹಿಂದಿನ ಸಂಜೆ.